ಎಚ್ಚರದ ಗುಂಡಿ

ಆಟ ಎಂದರೆ ಓಡುವುದೋ ಹಾರುವುದೋ ಹೊಡೆಯುವುದೋ ಏನಾದರೂ ಇರಬೇಕು ಎಂದುಕೊಂಡಿದ್ದವಳು ಅವಳು. ಗಂಡ ಆಡುತ್ತಿದ್ದ ಆಟದಲ್ಲಿ ಅಂಥದ್ದೇನೂ ಇರಲಿಲ್ಲ. ಕಂಪ್ಯೂಟರಿನ ಪರದೆಯ ಮೇಲೆ ಎರಡು ಹಳಿ, ಹಳಿಯ ಪಕ್ಕ ಕಂಬ, ಕಂಬದಾಚೆ ಬಯಲು. ಬಯಲು ಮುಗಿದರೆ ಇನ್ನೊಂದು ಬಯಲು. ಕಲ್ಲಿದ್ದಲು ತುಂಬಿದ ಗೂಡ್ಸ್ ಗಾಡಿಯನ್ನು ಒಂದೂರಿಂದ ಇನ್ನೊಂದೂರಿಗೆ ಮುಟ್ಟಿಸಬೇಕು, ಅಷ್ಟೇ. ನಿಜವಾದ ಗಾಡಿಗೆ ಎಷ್ಟು ಹೊತ್ತು ಹಿಡಿಯುತ್ತದೋ ಇದಕ್ಕೂ ಅಷ್ಟೇ ಹೊತ್ತು. ಕಳ್ಳರು ಬರುವುದಿಲ್ಲ, ಸೇತುವೆ ಮುರಿಯುವುದಿಲ್ಲ, ಹಳಿಯ ಮೇಲೆ ಒಂದು ಎಮ್ಮೆಯೂ ಅಡ್ಡ ಬರುವುದಿಲ್ಲ. ಇಂಥದ್ದನ್ನು ಕೂತು ತಯಾರಿಸಿದ ಪುಣ್ಯಾತ್ಮರು ಯಾರೋ, ದುಡ್ಡು ಕೊಟ್ಟು ಕೊಳ್ಳುವ ಮಹಾನುಭಾವರು ಯಾರೋ.

"ಸಂಬಳ ಇಲ್ಲದ ಡ್ಯೂಟಿ ಇದು," ಎಂದು ಅವಳು ಮೊದಲ ದಿನವೇ ಹೇಳಿದ್ದಳು.

"ಕೈಗೆ ಅಭ್ಯಾಸ ತಪ್ಪಬಾರದಲ್ಲ," ಎಂದಿದ್ದ ಗಂಡ.

ಅದೂ ನಿಜವೇ. ಅವನು ರೈಲು ಓಡಿಸುವವನು. ಮೀಸೆ ಚಿಗುರುವ ಮೊದಲೇ ಶೆಡ್ಡಿಗೆ ಸೇರಿ, ಕೂದಲು ನೆರೆಯುವವರೆಗೂ ಒಂದೇ ಒಂದು ಬೈಗುಳ ತಿನ್ನದೆ ಬಂದವನು. ಅಂಥವನ ಗಾಡಿ ಹೋದ ತಿಂಗಳು ಒಂದು ಬೆಳಿಗ್ಗೆ ನಿಲ್ಲಬೇಕಾದ ಪ್ಲಾಟ್‌ಫಾರಂ ಬಿಟ್ಟು ಮುಂದಕ್ಕೆ ಜಾರಿ, ಹಿಂದಿನ ಡಬ್ಬಿಗಳು ಮಾತ್ರ ಜನರ ಎದುರಿಗೆ ಉಳಿದವು. ಯಾರಿಗೂ ಏನೂ ಆಗಲಿಲ್ಲ. ಬ್ರೇಕ್ ಹಾಕಿದ್ದು ತಡವಾಗಿತ್ತು. ಮಂಜಿತ್ತು, ಹಳಿ ಒದ್ದೆಯಿತ್ತು ಎಂದು ಅವನು ಬರೆದುಕೊಟ್ಟ. ವಿಚಾರಣೆ ಮುಗಿಯುವ ತನಕ ಮನೆಯಲ್ಲಿರಿ ಎಂದರು.

ಮನೆಯಲ್ಲಿರು ಎಂದರೆ ಅವನು ಏನು ಮಾಡಬೇಕು ಪಾಪ. ಕಿಟಕಿಯ ಹತ್ತಿರ ಕೂತ, ನಲ್ಲಿ ರಿಪೇರಿ ಮಾಡಿದ, ಸರಿಯಾಗಿದ್ದ ಇನ್ನೊಂದು ನಲ್ಲಿಯನ್ನೂ ರಿಪೇರಿ ಮಾಡಿ ಕೆಡಿಸಿದ. ಅವನ ಅವಸ್ಥೆ ನೋಡಲಾರದೆ, ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿದ್ದ ಅವಳ ತಮ್ಮ ಈ ಆಟವನ್ನು ತಂದು ಹಾಕಿಕೊಟ್ಟ. ಹಳೆಯ ಪರದೆ, ಅದರ ಎರಡು ಬದಿಗೆ ಎರಡು ಸ್ಪೀಕರ್, ಕೈಯಲ್ಲಿ ಹಿಡಿಯಲು ಒಂದು ಲಿವರ್, ಲಿವರಿನ ಪಕ್ಕದಲ್ಲಿ ಒಂದು ಕೆಂಪು ಗುಂಡಿ.

"ಇದೇ ನೋಡು ಮುಖ್ಯ," ಎಂದು ಗಂಡ ಆ ಗುಂಡಿಯನ್ನು ಅವಳಿಗೆ ತೋರಿಸಿದ್ದ. "ಎಚ್ಚರದ ಗುಂಡಿ. ನಮ್ಮ ಇಂಜಿನ್ನಲ್ಲೂ ಹೀಗೇ ಇರುತ್ತೆ. ಆಗಾಗ ಕುಂಯ್ ಅಂತ ಕೂಗುತ್ತೆ, ಒತ್ತಬೇಕು. ಒತ್ತದಿದ್ರೆ ಡ್ರೈವರ್ ಮಲಗಿಬಿಟ್ಟ ಅಂತ ಲೆಕ್ಕ. ಗಾಡಿ ತಾನೇ ಬ್ರೇಕ್ ಹಾಕ್ಕೊಳ್ಳುತ್ತೆ."

"ಅಂದ್ರೆ ನಿಮ್ಮನ್ನ ನಂಬಿಲ್ಲ ಅಂತಾಯ್ತು."

"ಯಾರನ್ನೂ ನಂಬಲ್ಲ ಕಣೇ. ಇಂಜಿನ್ನಲ್ಲಿರೋದು ಒಬ್ಬನೇ ಅಲ್ವಾ."

ಅವನು ಆಡುವ ಕೋಣೆಯಲ್ಲೇ ಅವಳ ಹೊಲಿಗೆ ಮೆಷಿನ್ ಇತ್ತು. ಶಾಲೆಯ ಸಮವಸ್ತ್ರಗಳ ರಾಶಿ ಮುಂದಿಟ್ಟುಕೊಂಡು ಅವಳು ಅವನ ಬೆನ್ನ ಹಿಂದೆ ಕೂರುತ್ತಿದ್ದಳು. ಅತ್ತೆ ಮಾತ್ರ ಪರದೆಯ ಎದುರಿಗೇ ಕುರ್ಚಿ ಎಳೆದುಕೊಂಡು, ಟಿಕೆಟ್ ತೆಗೆದುಕೊಂಡವರ ಹಾಗೆ ಮಗನ ಪಕ್ಕದಲ್ಲಿ ಕೂರುತ್ತಿದ್ದರು.

"ಊರೇ ಬರಲ್ವೇನೋ ಇದರಲ್ಲಿ?"

"ಬರುತ್ತಮ್ಮಾ."

"ಬಂದ್ರೆ ಒಂಚೂರು ನಿಲ್ಸು. ಯಾರಾದ್ರೂ ಹತ್ತಲಿ. ಒಬ್ಬರ ಮುಖಾನೂ ಕಾಣ್ಲಿಲ್ಲ ಬೆಳಿಗ್ಗೆಯಿಂದ."

"ಕಲ್ಲಿದ್ದಲಮ್ಮಾ ಇದು. ಇದಕ್ಕೆ ಯಾರು ಹತ್ತುತಾರೆ?"

ಸ್ಪೀಕರ್ ಕುಂಯ್ ಎನ್ನುತ್ತಿತ್ತು, ಅವನು ಒತ್ತುತ್ತಿದ್ದ. ಹಿಂದೆ ಮೆಷಿನ್ ಕಟಕಟ ಎನ್ನುತ್ತಿತ್ತು. ಕೆಲವು ದಿನ ಆ ಮನೆಯಲ್ಲಿ ನೆಮ್ಮದಿಯೇ ಇತ್ತು ಎನ್ನಬಹುದು. ಆದರೂ ಫೋನ್ ರಿಂಗಾದಾಗಲೆಲ್ಲ ಅವಳು ಮೆಷಿನ್ ನಿಲ್ಲಿಸುತ್ತಿದ್ದಳು. ಕೆಲಸ ಹೋಯಿತು ಎಂದರೆ ಏನು ಗತಿ? ಇವಳ ಹೊಲಿಗೆಯಲ್ಲಿ ಮನೆ ನಡೆಸಬಹುದು, ಹೇಗೋ ಬಿಗಿಹಿಡಿದು. ಆದರೆ ಈ ಮನುಷ್ಯ ಏನಾಗುತ್ತಾನೆ? ಯೂನಿಫಾರಂ ಇಲ್ಲದ ದಿನ ಬೀದಿಗೆ ಹೋಗಲೂ ಹಿಂಜರಿಯುವವನು.

ಅದೇ ಯೋಚನೆಯಲ್ಲಿ ಮುಳುಗಿದ್ದ ಒಂದು ಮಧ್ಯಾಹ್ನ ಅತ್ತೆ ಕೇಳಿದರು, "ಅದು ಹೊಳೆಯೋ, ಕೆರೆಯೋ?"

"ಯಾವುದಮ್ಮಾ?"

"ಈಗ ಸೇತುವೆ ದಾಟಿದ್ವಲ್ಲ, ಕೆಳಗೆ ನೀರಿತ್ತಲ್ಲ."

"ಸೇತುವೆ ಎಲ್ಲಿತ್ತು? ಇನ್ನೂ ಮುಂದಿದೆ ಅದು."

"ನನಗೆ ಕಣ್ಣು ಕಾಣಲ್ಲ ಅಂದ್ಕೊಂಡ್ಯೇನೋ? ಅಷ್ಟುದ್ದದ ಸೇತುವೆ."

ಅವನು ನಕ್ಕುಬಿಟ್ಟ. ಅಮ್ಮನಿಗೆ ಅರಳುಮರಳು ಎನ್ನುವ ಹಾಗೆ ಹೆಂಡತಿಯತ್ತ ತಿರುಗಿ ಹುಬ್ಬು ಕುಣಿಸಿದ. ಅವಳು ನಗಲಿಲ್ಲ. ಸೇತುವೆಯನ್ನು ಅವಳೂ ನೋಡಿದ್ದಳು. ದಾರ ಪೋಣಿಸಲು ತಲೆ ಎತ್ತಿದಾಗ ಪರದೆಯ ತುಂಬ ಕಬ್ಬಿಣದ ಕಮಾನುಗಳು ಒಂದಾದ ಮೇಲೊಂದು ಹಾದುಹೋಗಿದ್ದವು. ಆಗ ಗುಂಡಿ ಕೂಗಿದ್ದೂ, ಇವನು ಒತ್ತಿದ್ದೂ ಅವಳಿಗೆ ನೆನಪಿತ್ತು.

ಇರಲಿ ಬಿಡು, ಎಂದುಕೊಂಡಳು. ನಾನೂ ಕಾಲರ್ ಹೊಲಿಯುವಾಗ ಎಲ್ಲೋ ಇರುತ್ತೇನೆ, ಕಾಲು ತನ್ನ ಪಾಡಿಗೆ ತಾನು ತುಳಿಯುತ್ತಿರುತ್ತದೆ. ಗಂಡಸರು ಹೆಂಡತಿ ಹೇಳಿದ್ದಕ್ಕೆಲ್ಲ ಹೂಂಗುಟ್ಟಿ ಆಮೇಲೆ ಯಾವಾಗ ಹೇಳಿದೆ ಎನ್ನುವುದಿಲ್ಲವೇ? ಹೀಗೆ ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಕಾಲರ್ ಸೊಟ್ಟಗಾದರೆ ಬಿಚ್ಚಿ ಹೊಲಿಯಬಹುದು ಎನ್ನುವುದು ತಲೆಗೆ ಹೊಳೆದಾಗ ಮಾತ್ರ ಆ ಸಮಾಧಾನ ನಿಲ್ಲಲಿಲ್ಲ. ಸಂಜೆ ಆಟ ಮುಗಿದಾಗ ಪರದೆಯ ಮೇಲೆ ಅಂಕಗಳು ಬಂದವು. ಎಚ್ಚರಕ್ಕೆ ನೂರಕ್ಕೆ ನೂರು.

"ನೋಡಿದ್ಯಾ?" ಎಂದ ಅವನು ಮಗುವಿನ ಹಾಗೆ.

ಮಾರನೆಯ ದಿನ ಆಫೀಸಿನಿಂದ ಫೋನ್ ಬಂತು. ಇಂಜಿನ್ನಿನೊಳಗೆ ಎಲ್ಲದರ ಲೆಕ್ಕ ಇಡುವ ಪೆಟ್ಟಿಗೆಯನ್ನು ತೆರೆದು ನೋಡಿದ್ದರಂತೆ. ಆ ಬೆಳಿಗ್ಗೆ ಗುಂಡಿ ಕೂಗಿದಾಗಲೆಲ್ಲ ಅವನು ತಪ್ಪದೆ ಒತ್ತಿದ್ದು ಅದರಲ್ಲಿ ದಾಖಲಾಗಿತ್ತು. ಹಾಗಾಗಿ ಚಾಲಕ ಎಚ್ಚರವಾಗಿಯೇ ಇದ್ದ, ಹಳಿ ಒದ್ದೆಯಿದ್ದದ್ದೇ ಕಾರಣ. ನಾಳೆಯಿಂದಲೇ ಡ್ಯೂಟಿಗೆ ಬನ್ನಿ, ಅದೇ ಬೆಳಗಿನ ಪ್ಯಾಸೆಂಜರ್.

ಅತ್ತೆ ದೇವರಿಗೆ ಕೈಮುಗಿದರು. ಮಗ ಯೂನಿಫಾರಂ ಇಸ್ತ್ರಿ ಮಾಡಲು ಕೂತ. ತಾನು ಇಷ್ಟು ದಿನ ಕಾದಿದ್ದ ಸುದ್ದಿ ಬಂದಾಗ ಅವಳಿಗೆ ಮಾತ್ರ ಖುಷಿಯಾಗಲಿಲ್ಲ. ಬೆಳಗಿನ ಪ್ಯಾಸೆಂಜರ್ ಎಂದರೆ ಕಾರ್ಖಾನೆಯ ಹೆಂಗಸರು, ಆಸ್ಪತ್ರೆಯ ನರ್ಸುಗಳು, ಬಾಗಿಲಲ್ಲಿ ಜೋತಾಡುವ ಕಾಲೇಜು ಹುಡುಗರು. ಅವಳ ತಮ್ಮ ಅಂಗಡಿಗೆ ಹೋಗುವುದೂ ಅದರಲ್ಲೇ. ಗುಂಡಿ ಒತ್ತಿದ್ದಾನೆ, ಆದ್ದರಿಂದ ಎಚ್ಚರವಾಗಿದ್ದ ಎನ್ನುತ್ತಾರೆ. ಸೇತುವೆ ದಾಟುವಾಗಲೂ ಒತ್ತಿದ್ದನಲ್ಲ?

ಊಟವಾದ ಮೇಲೆ ಅತ್ತೆ ಸುದ್ದಿ ಹಂಚಲು ಪಕ್ಕದ ಮನೆಗೆ ಹೋದರು. ಅವನು ಕೊನೆಯದಾಗಿ ಒಂದು ಸಲ ಎಂದು ಆಟಕ್ಕೆ ಕೂತ. ಅವಳೂ ಮೆಷಿನ್ ಮುಂದೆ ಕೂತಳು, ಹೊಲಿಯಲಿಲ್ಲ. ಬಯಲು ಬಂತು, ಕಂಬ ಬಂತು, ಬಯಲು ಬಂತು. ಫ್ಯಾನ್ ತಿರುಗುತ್ತಿತ್ತು.

"ರೀ," ಎಂದಳು.

ಗುಂಡಿ ಕೂಗಿತು, ಒತ್ತಿದ.

"ರೀ, ನಾಳೆ ಬೇಗ ಎಬ್ಬಿಸ್ಬೇಕಾ?"

ಅವಳು ಎದ್ದು ಅವನ ಪಕ್ಕಕ್ಕೆ ಬಂದಳು. ನೆಟ್ಟಗೆ ಕೂತಿದ್ದ, ಕಣ್ಣು ತೆರೆದಿತ್ತು. ಗೊರಕೆಯಿಲ್ಲ, ತೂಕಡಿಕೆಯಿಲ್ಲ. ಯಾರು ನೋಡಿದರೂ ಶಿಸ್ತಿನ ಚಾಲಕ ಎನ್ನಬೇಕು. ಕೈ ಚಾಚಿ, ಪರದೆಯ ಕೆಳಗಿದ್ದ ಸ್ವಿಚ್ ಒತ್ತಿದಳು.

ಪರದೆ ಕಪ್ಪಾಯಿತು. ಕಂಪ್ಯೂಟರ್ ಓಡುತ್ತಲೇ ಇತ್ತು, ಸ್ಪೀಕರಿನಿಂದ ಗಾಲಿಗಳ ಸದ್ದು ಬರುತ್ತಲೇ ಇತ್ತು. ಈಗ ಬೈಯುತ್ತಾನೆ, ಈಗ ತಿರುಗುತ್ತಾನೆ ಎಂದು ಅವಳು ಕಾದಳು. ಬೈಯಲಿ ದೇವರೇ, ಎಂದುಕೊಂಡಳು. ಅವನು ಕಪ್ಪು ಪರದೆಯನ್ನೇ ನೋಡುತ್ತಿದ್ದ. ಸ್ಪೀಕರ್ ಕುಂಯ್ ಎಂದಿತು. ಅವನ ಹೆಬ್ಬೆರಳು ಹೋಗಿ ಗುಂಡಿ ಒತ್ತಿ ವಾಪಸ್ಸು ಬಂತು.

ತಮಾಷೆ ಮಾಡುತ್ತಿರಬಹುದೇ? ಅವಳು ಬಗ್ಗಿ ಮುಖ ನೋಡಿದಳು. ತಮಾಷೆ ಮಾಡುವಾಗ ಅವನ ಮೀಸೆಯ ತುದಿ ಕದಲುತ್ತದೆ, ಮದುವೆಯಾದಂದಿನಿಂದ ಅವಳು ಕಂಡದ್ದು. ಮೀಸೆ ಕದಲಲಿಲ್ಲ. ಮತ್ತೆ ಕೂಗಿತು, ಮತ್ತೆ ಒತ್ತಿದ. ಅವಳು ಅಲ್ಲೇ ಸ್ಟೂಲಿನ ಮೇಲೆ ಕೂತಳು. ಮುಟ್ಟಿ ಎಬ್ಬಿಸಲೂ ಭಯ, ಸುಮ್ಮನಿರಲೂ ಭಯ. ಕಪ್ಪು ಗಾಜಿನಲ್ಲಿ ಇಬ್ಬರ ಮುಖವೂ ಕಾಣುತ್ತಿತ್ತು, ಅವನು ಯಾವುದನ್ನೂ ನೋಡುತ್ತಿರಲಿಲ್ಲ.

ಬೀದಿಯಲ್ಲಿ ಒಂದು ಲಾರಿ ಜೋರಾಗಿ ಹಾರನ್ ಹಾಕಿತು. ಅವನು ಬೆಚ್ಚಿದ.

"ಏ, ಕರೆಂಟ್ ಹೋಯ್ತಾ?" ಎಂದ. ತಲೆಯ ಮೇಲೆ ಫ್ಯಾನ್ ತಿರುಗುತ್ತಿರುವುದನ್ನು ನೋಡಿ ಅವಳ ಕಡೆ ತಿರುಗಿದ. "ನೀನು ಆಫ್ ಮಾಡಿದ್ಯಾ?"

"ಹೂಂ."

"ಯಾವಾಗ?"

ಈಗ ತಾನೇ ಎಂದುಬಿಟ್ಟಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ನಾಳೆ ಅವನು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೋಗುತ್ತಿದ್ದ, ಇವಳು ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಅವಳಿಗೆ ಅಳು ಬಂತು.

"ಆಗಲೇ," ಎಂದಳು. "ತುಂಬ ಹೊತ್ತಾಯ್ತು. ಪರದೆ ಆಫ್ ಆದ್ಮೇಲೂ ಒತ್ತುತಾ ಇದ್ರಿ."

"ನನ್ನನ್ನ ಪರೀಕ್ಷೆ ಮಾಡ್ತಿದ್ಯೇನೇ?" ಅವನ ದನಿ ಏರಿತು. "ದುಡಿದು ಬರೋ ಗಂಡನನ್ನ?"

"ಹೂಂ ರೀ. ಮಾಡ್ದೆ."

ಬೈಗುಳ ಬರುತ್ತದೆ ಎಂದು ಅವಳು ಸೆರಗು ಹಿಡಿದು ಕೂತಳು. ಬರಲಿಲ್ಲ. ಸ್ಪೀಕರ್ ಕೂಗಿತು. ಅವನ ಹೆಬ್ಬೆರಳು ಹೊರಟಿತು. ಅವನು ಅದನ್ನು ಬೇರೆ ಯಾರದೋ ಬೆರಳೆಂಬಂತೆ ನೋಡಿ, ಇನ್ನೊಂದು ಕೈಯಿಂದ ಹಿಡಿದುಕೊಂಡ. ಕೂಗು ಹೆಚ್ಚಾಗುತ್ತ ಹೋಗಿ, ಕೊನೆಗೆ ಕಪ್ಪು ಪರದೆಯ ಹಿಂದೆಲ್ಲೋ ಗಾಡಿ ಕಿರುಗುಟ್ಟಿ ನಿಂತಿತು.

ಆಮೇಲೆ ಬಹಳ ಮೆಲ್ಲಗೆ ಹೇಳಿದ, "ಅವತ್ತು ಸ್ಟೇಷನ್ ಬಂದದ್ದೇ ನನಗೆ ಗೊತ್ತಾಗ್ಲಿಲ್ಲ ಕಣೇ. ಇದ್ದಕ್ಕಿದ್ದ ಹಾಗೆ ಎದುರಿಗೆ ಪ್ಲಾಟ್‌ಫಾರಂ ನಿಂತಿತ್ತು, ಅಷ್ಟೇ. ಮಂಜು ಅಂದೆ. ಪೆಟ್ಟಿಗೇಲಿ ಒತ್ತಿದ್ದೀನಿ ಅಂತ ಬಂತಲ್ಲ, ಒತ್ತಿದ್ದೀನಿ ಅಂದ್ರೆ ಎಚ್ಚರವಾಗೇ ಇದ್ದೆ ಅಂತ ನಾನೂ ನಂಬಿಬಿಟ್ಟೆ. ನಂಬೋಕೆ ಚೆನ್ನಾಗಿತ್ತು."

ಅವಳು ಅವನ ಎರಡೂ ಕೈಗಳ ಮೇಲೆ ತನ್ನ ಕೈ ಇಟ್ಟಳು. ಇಬ್ಬರೂ ಹಾಗೆಯೇ ಕೂತಿದ್ದಾಗ ಅತ್ತೆ ಬಾಗಿಲು ತಳ್ಳಿಕೊಂಡು ಬಂದರು. ಪಕ್ಕದ ಮನೆಯಲ್ಲಿ ಸಿಕ್ಕ ಮರ್ಯಾದೆಯಿಂದ ಮುಖ ಅರಳಿತ್ತು.

"ಎಲ್ಲರಿಗೂ ಹೇಳಿ ಬಂದೆ. ಬೆಳಿಗ್ಗೆ ಗಾಡೀಲಿ ಹೋಗ್ತಾನೆ ನನ್ನ ಮಗ ಅಂತ."

"ಹೋಗ್ತೀನಮ್ಮಾ. ಡಬ್ಬಿಯಲ್ಲಿ ಕೂತು ಹೋಗ್ತೀನಿ. ಸಾಹೇಬರಿಗೆ ಒಂದು ವಿಷಯ ಹೇಳ್ಬೇಕು, ಆಮೇಲೆ ಡಾಕ್ಟರನ್ನ ನೋಡ್ಬೇಕು."

"ನಾನೂ ಬರ್ತೀನಿ," ಎಂದಳು ಅವಳು.

ಅತ್ತೆ ಒಮ್ಮೆ ಮಗನ ಮುಖ, ಒಮ್ಮೆ ಸೊಸೆಯ ಮುಖ ನೋಡಿದರು. "ನೀನು ಡಬ್ಬಿಯಲ್ಲಿ ಕೂತ್ರೆ ಗಾಡಿ ಓಡ್ಸೋರು ಯಾರೋ?"

"ಎಚ್ಚರ ಇರೋರಮ್ಮಾ," ಎಂದ ಮಗ.