ತಮ್ಮನ ನಿದ್ದೆ

ಆ ಮನೆಯಲ್ಲಿದ್ದದ್ದು ಒಂದೇ ಮಂಚ. ಪಾಪ, ಅದಕ್ಕೆ ಬಿಡುವೆಂಬುದೇ ಇರಲಿಲ್ಲ. ಬೆಳಗ್ಗೆ ತಮ್ಮ ಎದ್ದು ಹಲ್ಲುಜ್ಜಲು ಹೋದನೆಂದರೆ ಅಕ್ಕ ಕೆಲಸದಿಂದ ಬಂದು, ಅವನ ಮೈಬಿಸಿ ಇನ್ನೂ ಆರದ ಹಾಸಿಗೆಗೆ ದೊಪ್ಪನೆ ಬೀಳುತ್ತಿದ್ದಳು. ಸಂಜೆ ಅವಳು ಎದ್ದು ಹೊರಡುವ ಹೊತ್ತಿಗೆ ಅವನು ಬಂದು ಅದೇ ಹಾಸಿಗೆಯಲ್ಲಿ ಕಾಲು ಚಾಚುತ್ತಿದ್ದ. ಅಮ್ಮನ ಚಾಪೆ ಅಡುಗೆಮನೆಯಲ್ಲಿ, ಅಕ್ಕನ ರಜೆಯ ರಾತ್ರಿ ಅದರಲ್ಲೇ ಅವಳಿಗೂ ಜಾಗ. ತಮ್ಮನದು ಮನೆಮನೆಗೆ ಹೋಗಿ ಕರೆಂಟ್ ಮೀಟರ್ ನೋಡುವ ಕೆಲಸ. ದಿನವಿಡೀ ಮೆಟ್ಟಿಲು ಹತ್ತಿಳಿದು ಬಂದವನು ತಲೆ ದಿಂಬಿಗೆ ಸೋಕಿದ್ದೇ ತಡ ಗೊರಕೆ ಶುರುಮಾಡುತ್ತಿದ್ದ. ಅಕ್ಕನಿಗೆ ಅವನು ಇಟ್ಟ ಹೆಸರು ಗೂಬೆ. ಮೊದಮೊದಲು ಅವಳಿಗೆ ಸಿಟ್ಟು ಬರುತ್ತಿತ್ತು. ಆಮೇಲೆ ಕನ್ನಡಿಯಲ್ಲಿ ತನ್ನ ಕಣ್ಣಿನ ಸುತ್ತ ಕಟ್ಟಿದ ಕಪ್ಪು ನೋಡಿಕೊಂಡು ಸುಮ್ಮನಾದಳು.

ಗೂಬೆಗೆ ಇಪ್ಪತ್ತಮೂರು ವರ್ಷ. ಆಸ್ಪತ್ರೆ, ಹೋಟೆಲುಗಳ ಬಟ್ಟೆ ಒಗೆದುಕೊಡುವ ದೊಡ್ಡ ಲಾಂಡ್ರಿಯಲ್ಲಿ ಅವಳಿಗೆ ರಾತ್ರಿ ಪಾಳಿ. ಬಿಸಿ ಉರುಳೆಗಳ ನಡುವಿನಿಂದ ಬೆಡ್‌ಶೀಟು ಹೊರಬಂದ ಕೂಡಲೇ ಎರಡು ತುದಿ ಇವಳು ಹಿಡಿಯಬೇಕು, ಇನ್ನೆರಡು ತುದಿ ಎದುರಿಗೆ ನಿಂತ, ಎಲ್ಲರೂ ಇಸ್ತ್ರಿ ಅಕ್ಕ ಎಂದು ಕರೆಯುವ ಹಿರಿಯಳು. ಎಳೆ, ಕೂಡಿಸು, ಮಡಿಸು, ಇಡು. ಅಷ್ಟರಲ್ಲಿ ಮುಂದಿನದು ಹಾಜರ್. ಇಸ್ತ್ರಿ ಅಕ್ಕನಿಗೆ ಮಂಡಿನೋವು, ಜೊತೆಗೆ ವಿಪರೀತ ಬಾಯಿ. ಲಾಂಡ್ರಿಗೆ ಸೇರಿದ ದಿನದಿಂದ ಗೂಬೆಯನ್ನು ಸ್ವಂತ ತಂಗಿಯ ಹಾಗೆ ನೋಡಿಕೊಂಡವಳು ಅವಳೇ. ಊರವರೆಲ್ಲ ಮಲಗುವ ಬೆಡ್‌ಶೀಟನ್ನು ರಾತ್ರಿಯೆಲ್ಲ ನಿಂತು ಮಡಿಸುವವರಿಗೆ ತಾವು ಮಲಗಲು ಹೊತ್ತಿಲ್ಲ ಎಂದರೆ ನಗಬೇಕೋ ಅಳಬೇಕೋ, ನೀವೇ ಹೇಳಿ.

ಹಗಲಲ್ಲಿ ಮಲಗಬಹುದಲ್ಲ ಎನ್ನುವವರು ಒಂದು ದಿನ ಆ ಮಂಚದ ಮೇಲೆ ಮಲಗಿ ನೋಡಬೇಕು. ಕಣ್ಣು ಹತ್ತುವಷ್ಟರಲ್ಲಿ ಕುಕ್ಕರ್ ಕೂಗುತ್ತದೆ. ಶಾಲೆಯ ವ್ಯಾನು ಬಂದು ಹಾರ್ನ್ ಬಾರಿಸುತ್ತದೆ. ಮೇಲಿನ ಮನೆಯವರು ಗೋಡೆಗೆ ಮೊಳೆ ಹೊಡೆಯಲು ಇಡೀ ವರ್ಷದಲ್ಲಿ ಅದೇ ಹೊತ್ತನ್ನು ಆರಿಸಿಕೊಳ್ಳುತ್ತಾರೆ. ಪಕ್ಕದ ಮನೆಯಾಕೆ ಬಾಗಿಲಲ್ಲಿ ನಿಂತು, ಬೆಳೆದ ಹುಡುಗಿ ಇನ್ನೂ ಬಿದ್ದುಕೊಂಡಿದ್ದಾಳಾ ಎಂದು ಪಿಸುಗುಟ್ಟುತ್ತಾಳೆ. ಆ ಪಿಸುಮಾತು ಮೊಳೆಯ ಸದ್ದಿಗಿಂತ ಜೋರು. ಗೂಬೆ ಮಗ್ಗುಲು ಬದಲಿಸಿ, ದಿಂಬು ತಲೆಯ ಮೇಲೆ ಒತ್ತಿಕೊಂಡು, ಅರ್ಧ ನಿದ್ದೆ ಮಾಡಿ, ಮುಕ್ಕಾಲು ತಲೆನೋವು ಹೊತ್ತು ಏಳುತ್ತಿದ್ದಳು.

ಅವಳ ಹೊಟ್ಟೆ ಉರಿಸುತ್ತಿದ್ದದ್ದು ಮಾತ್ರ ಬೇರೆ. ನೀರಿನ ಟ್ಯಾಂಕಿನ ಪಕ್ಕದ ಮೈದಾನದಲ್ಲಿ ಸಂಜೆ ಹುಡುಗಿಯರು ವಾಲಿಬಾಲ್ ಆಡುತ್ತಿದ್ದರು. ಲಾಂಡ್ರಿಗೆ ಸೇರುವ ಮುಂಚೆ ಅವಳೂ ಆ ತಂಡದವಳೇ. ಅವಳು ಸರ್ವ್ ಮಾಡಿದ ಚೆಂಡನ್ನು ಎತ್ತುವವರು ಆ ಬಡಾವಣೆಯಲ್ಲೇ ಇರಲಿಲ್ಲ. ಈಗ ಆಟ ಶುರುವಾಗುವ ಹೊತ್ತಿಗೆ ಸರಿಯಾಗಿ ಅವಳು ಊಟದ ಡಬ್ಬಿ ಹಿಡಿದು ಅದೇ ಗೋಡೆಯ ಪಕ್ಕ ಬಸ್ಸಿಗೆ ಓಡಬೇಕು. ರಜೆಯ ದಿನ ಒಮ್ಮೆ ಆಡಲು ಇಳಿದಳು. ಚೆಂಡು ಬಂದು ನೆಲಕ್ಕೆ ಬಿದ್ದ ಮೇಲೆ ಕೈ ಎದ್ದಿತು. ಗೆಳತಿಯರು ನಗಲಿಲ್ಲ. ನಕ್ಕಿದ್ದರೇ ಚೆನ್ನಾಗಿತ್ತು.

ಅವಳಿಗೆ ಬೇಕಾಗಿದ್ದದ್ದು ಒಂದೇ: ಹಗಲು ಪಾಳಿ. ಅದು ಸಿಕ್ಕರೆ ಸಂಜೆ ಮೈದಾನ, ರಾತ್ರಿ ನಿದ್ದೆ. ಕೇಳಿಕೇಳಿ ನಾಲಿಗೆ ಸವೆದಿತ್ತು. ಆಗಲೇ ಮ್ಯಾನೇಜರ್ ಎಲ್ಲರಿಗೂ ಒಂದೊಂದು ಕಪ್ಪು ರಬ್ಬರ್ ಪಟ್ಟಿ ಹಂಚಿದ. ಕೈಗೆ ಕಟ್ಟಿಕೊಂಡರೆ ಎಷ್ಟು ನಡೆದಿರಿ, ಎಷ್ಟು ಮಲಗಿದಿರಿ ಎಂದು ಅದೇ ಎಣಿಸುತ್ತದಂತೆ. ಎರಡು ತಿಂಗಳು ನೋಡುತ್ತೇವೆ, ಆರೋಗ್ಯ ಚೆನ್ನಾಗಿ ಕಾಪಾಡಿಕೊಂಡವರಿಗೆ ಬಹುಮಾನವಿದೆ, ಪಾಳಿ ಬದಲಿಸುವಾಗಲೂ ಅದನ್ನೇ ನೋಡುತ್ತೇವೆ ಎಂದ. ಆದರೆ ಕೆಲಸದ ಹೊತ್ತಿನಲ್ಲಿ ಬಿಚ್ಚಿಡಬೇಕು. ಉರುಳೆಯ ಹತ್ತಿರ ಬಳೆ, ಗಡಿಯಾರ ಏನೂ ಇರಕೂಡದೆಂಬುದು ಮೊದಲಿನಿಂದಲೂ ಇದ್ದ ನಿಯಮ. ಅಂದರೆ ರಾತ್ರಿಯೆಲ್ಲ ನಿಂತು ಸವೆದದ್ದು ಲೆಕ್ಕಕ್ಕಿಲ್ಲ. ಇಂಥ ಬುದ್ಧಿ ಮ್ಯಾನೇಜರುಗಳಿಗೇ ಹೊಳೆಯಬೇಕು.

ಮೊದಲ ವಾರ ಗೂಬೆ ಪ್ರಾಮಾಣಿಕವಾಗಿ ಕಟ್ಟಿಕೊಂಡಳು. ಪಟ್ಟಿ ತೋರಿಸಿದ ನಿದ್ದೆ ಬೆಕ್ಕಿನ ನಿದ್ದೆಗಿಂತ ಕಡಿಮೆ. ನಡಿಗೆಯಂತೂ ಮನೆಯಿಂದ ಬಸ್ಸಿಗೆ, ಬಸ್ಸಿನಿಂದ ಮನೆಗೆ. ಇದನ್ನು ನೋಡಿದರೆ ಹಗಲು ಪಾಳಿಯಿರಲಿ, ಇರುವ ಕೆಲಸಕ್ಕೂ ಕುತ್ತು ಬಂದೀತೆಂದು ಅವಳು ತಮ್ಮನೆದುರು ಹೇಳಿಕೊಂಡಳು. ತಮ್ಮ ಪಟ್ಟಿ ಇಸಿದುಕೊಂಡು ತನ್ನ ಕೈಗೆ ಕಟ್ಟಿದ.

“ನಡೆಯೋದು ನಾನು, ಮಲಗೋದು ನಾನು. ಸುಮ್ನೆ ಯಾಕೆ ದಂಡ ಮಾಡ್ಬೇಕು?” ಎಂದ.

ತಮಾಷೆಗೆ ಶುರುವಾದದ್ದು ಪರಿಪಾಠವಾಯಿತು. ಮಂಚದ ಹಾಗೆ ಪಟ್ಟಿ ಕೈ ಬದಲಾಯಿಸಲಿಲ್ಲ, ಹಗಲೂ ರಾತ್ರಿಯೂ ಅವನ ಬಳಿಯೇ ಇರುತ್ತಿತ್ತು. ವಾರಕ್ಕೊಮ್ಮೆ ಆಫೀಸಿಗೆ ಕೊಡುವಾಗ ಮಾತ್ರ ಅವಳ ಕೈಯಲ್ಲಿ. ತಮ್ಮನಿಗಂತೂ ಹುಚ್ಚೇ ಹಿಡಿಯಿತು. ಲಿಫ್ಟ್ ಇದ್ದ ಕಟ್ಟಡಗಳಲ್ಲೂ ಮೆಟ್ಟಿಲು ಹತ್ತತೊಡಗಿದ. ಆಫೀಸಿನವರು ನೋಡುತ್ತಿದ್ದದ್ದು ವಾರದ ಮೊತ್ತವನ್ನು ಮಾತ್ರ, ಯಾವ ಹೊತ್ತಿನ ನಿದ್ದೆ, ಯಾರ ಮೆಟ್ಟಿಲು ಎಂದು ಯಾರೂ ಕೇಳಲಿಲ್ಲ.

ಅವಳೊಬ್ಬಳೇ ಎಂದುಕೊಳ್ಳಬೇಡಿ. ಇಸ್ತ್ರಿ ಅಕ್ಕನ ಪಟ್ಟಿ ಮೊಮ್ಮಗಳ ಕೈಯಲ್ಲಿ ಬೀದಿ ಸುತ್ತುತ್ತಿತ್ತು. ಇನ್ನೊಬ್ಬಳು ಅತ್ತೆಗೆ ಕಟ್ಟಿ, ಅವರು ಎಷ್ಟು ಮಲಗುತ್ತಾರೆಂದು ಮೊದಲ ಬಾರಿಗೆ ಖುಷಿಪಟ್ಟಳು. ಎಲ್ಲರಿಗೂ ಎಲ್ಲರದೂ ಗೊತ್ತು. ಎಲ್ಲರ ಆಸೆಯೂ ಒಂದೇ, ಹಗಲು ಪಾಳಿ.

ಎರಡು ತಿಂಗಳು ಕಳೆದ ಮೇಲೆ, ಒಂದು ಸಂಜೆ ಪಾಳಿ ಬದಲಾಗುವ ಹೊತ್ತಿನಲ್ಲಿ ಮ್ಯಾನೇಜರ್ ಎರಡೂ ಪಾಳಿಯವರನ್ನು ಸೇರಿಸಿದ. ಮುಖ ಅರಳಿತ್ತು. ರಾತ್ರಿ ಪಾಳಿಯಿಂದ ನಿದ್ದೆ ಕೆಡುತ್ತದೆ, ಆರೋಗ್ಯ ಹಾಳಾಗುತ್ತದೆ ಎಂದು ನೀವೆಲ್ಲ ದೂರುತ್ತಿದ್ದಿರಿ. ಈಗ ನೋಡಿದರೆ ಹಗಲಿನವರಿಗಿಂತ ರಾತ್ರಿಯವರೇ ಚೆನ್ನಾಗಿ ಮಲಗುತ್ತಾರೆ, ಚೆನ್ನಾಗಿ ಓಡಾಡುತ್ತಾರೆ ಎಂದ. ಹಾಗಾಗಿ ಪಾಳಿ ಬದಲಿಸುವ ಮಾತೇ ಇನ್ನಿಲ್ಲ, ರಾತ್ರಿಯವರು ಇನ್ನು ಕಾಯಂ ಆಗಿ ರಾತ್ರಿಗೇ. ಎಲ್ಲರಿಗಿಂತ ಮುಂದಿರುವವಳು ಇವಳು ಎಂದು ಗೂಬೆಯನ್ನು ಕರೆದು ಕೈಗೆ ಒಂದು ಡಬ್ಬಿ ಕೊಟ್ಟ. ಒಳಗೆ ಬಿಳಿಯ ಆಟದ ಬೂಟು.

ಹಗಲಿನವರು ಚಪ್ಪಾಳೆ ತಟ್ಟಿದರು. ಗೂಬೆ ಬೂಟು ನೋಡಿದಳು. ಮೈದಾನದಲ್ಲಿ ಬರಿಗಾಲಲ್ಲಿ ಆಡುತ್ತಿದ್ದಾಗಿನಿಂದ ಕನಸು ಕಂಡಿದ್ದಂಥ ಬೂಟು. ಇನ್ನು ಯಾವ ಸಂಜೆ ಹಾಕಿಕೊಳ್ಳಲಿ ಎಂದುಕೊಂಡಾಗ ಅಳು ಒತ್ತರಿಸಿ ಬಂತು. ಅಳುವಿನ ಹಿಂದೆಯೇ ಸಿಟ್ಟು. ಹೇಳಿದರೆ ಕೆಲಸ ಹೋಗಬಹುದು, ಹೇಳದಿದ್ದರೆ ಆಯುಸ್ಸಿಡೀ ಇದೇ ಗತಿ. ಹಿಂದಿನಿಂದ ಇಸ್ತ್ರಿ ಅಕ್ಕ ಸುಮ್ಮನಿರೆಂದು ಸೆರಗಿನ ಮರೆಯಲ್ಲಿ ಚಿವುಟಿದಳು.

“ಆ ನಿದ್ದೆ ನಂದಲ್ಲ ಸರ್, ನನ್ನ ತಮ್ಮಂದು. ನಡೆದಿರೋದೂ ಅವನೇ. ನಾನು ಸರಿಯಾಗಿ ಮಲಗಿ ವರ್ಷಗಳೇ ಆಯ್ತು.”

ಮ್ಯಾನೇಜರನ ನಗು ಇಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಇನ್ಯಾರಾದರೂ ಹೀಗೆ ಮಾಡಿದ್ದೀರಾ ಎಂದು ಕೇಳಿದ. ಹೇಳಲಿ, ಒಬ್ಬಳಾದರೂ ಹೇಳಲಿ ಎಂದು ಗೂಬೆ ತಿರುಗಿ ನೋಡಿದಳು. ಎಲ್ಲರೂ ತಂತಮ್ಮ ಚಪ್ಪಲಿ ನೋಡುತ್ತಿದ್ದರು. ಇಸ್ತ್ರಿ ಅಕ್ಕ ಬಾಯಿ ತೆರೆದಳು, ಮತ್ತೆ ಮುಚ್ಚಿದಳು. ಆ ವಯಸ್ಸಿಗೆ ಇನ್ನೊಂದು ಕೆಲಸ ಯಾರು ಕೊಡುತ್ತಾರೆ?

ಮ್ಯಾನೇಜರ್ ಬೂಟಿನ ಡಬ್ಬಿ ಕಿತ್ತುಕೊಂಡ. ಸುಳ್ಳು ಹೇಳುವವಳನ್ನು ರಾತ್ರಿ ಹೊತ್ತು ಬಿಟ್ಟರೆ ನೋಡುವವರಾರು, ಇವಳು ತನ್ನ ಕಣ್ಣೆದುರಿಗೇ ಇರಬೇಕು ಎಂದು ಗುಡುಗಿದ. ಇವತ್ತಿನ ರಾತ್ರಿ ಮುಗಿಸಿ ನಾಳಿದ್ದಿನಿಂದ ಇವಳಿಗೆ ಹಗಲು ಪಾಳಿ, ಅದೇ ಶಿಕ್ಷೆ. ಉಳಿದವರದು ಆಗಲೇ ಹೇಳಿದ ಹಾಗೆ.

ಬೇಡಿದ್ದೇ ಸಿಕ್ಕಿತ್ತು. ಬಟ್ಟೆ ಬದಲಿಸುವ ಕೋಣೆಯಲ್ಲಿ ಯಾರೂ ಅವಳ ಮುಖ ನೋಡಲಿಲ್ಲ. ಹೀಗಾಗುತ್ತದೆಂದು ತನಗೆ ಗೊತ್ತಿರಲಿಲ್ಲ ಎಂದು ಅವಳು ಎಷ್ಟು ಹೇಳಿದರೂ ಇಸ್ತ್ರಿ ಅಕ್ಕ ಕೂದಲಿಗೆ ಬಟ್ಟೆ ಬಿಗಿದುಕೊಳ್ಳುತ್ತಲೇ ಇದ್ದಳು. ಕೊನೆಗೆ ಬಾಗಿಲ ಹತ್ತಿರ ನಿಂತಳು. ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಹೆಚ್ಚು ನೋಯಿಸಿತು.

“ನಿಂದೇನೂ ತಪ್ಪಿಲ್ಲ ಬಿಡೇ, ನಾನೂ ಬಾಯಿ ಬಿಡ್ಲಿಲ್ಲ. ಆದ್ರೆ ನಾಳೆ ರಾತ್ರಿ ಆ ಕಡೆ ತುದಿ ಯಾರು ಹಿಡೀತಾರೆ, ಹೇಳು.”

ಮರುದಿನ ಸಂಜೆ ಗೂಬೆ ಹಳೆಯ ಚಪ್ಪಲಿ ಗೋಡೆಯ ಬುಡದಲ್ಲಿ ಬಿಟ್ಟು ಬರಿಗಾಲಲ್ಲೇ ಮೈದಾನಕ್ಕೆ ಇಳಿದಳು. ಮೊದಲ ಮೂರು ಸರ್ವ್ ನೆಟ್ಟಿಗೆ ಬಿದ್ದವು. ನಾಲ್ಕನೆಯದು ದಾಟಿತು. ಗೆಳತಿಯರು ಕೂಗಿ ಬೆನ್ನು ತಟ್ಟಿದರು. ಮೊಣಕೈ ತರಚಿಕೊಂಡು, ಬೆವರು ಸುರಿಸಿಕೊಂಡು, ಹಸಿದು ಮನೆಗೆ ಬಂದಳು. ಹೊಟ್ಟೆ ತುಂಬ ಉಂಡಳು.

ಆಮೇಲೆ ಅಕ್ಕತಮ್ಮ ಇಬ್ಬರೂ ಮಂಚದ ಮುಂದೆ ನಿಂತರು. ಇಷ್ಟು ದಿನ ಹಗಲು ಪಾಳಿ ಹಗಲು ಪಾಳಿ ಎಂದು ಜಪ ಮಾಡಿದವಳಿಗೆ ಮಂಚ ಒಂದೇ ಎಂಬುದು ಹೊಳೆದೇ ಇರಲಿಲ್ಲ. ಮೊದಲು ನಕ್ಕವಳು ಅಮ್ಮ. ತಮ್ಮ ದಿಂಬು ಎತ್ತಿಕೊಂಡು ನೆಲಕ್ಕೆ ಹಾಕಿದ.

“ಎರಡು ತಿಂಗಳು ನನ್ನ ನಿದ್ದೆಯೆಲ್ಲ ನಿನ್ನ ಹೆಸರಲ್ಲೇ ಇತ್ತಲ್ಲ ಗೂಬೆ. ಮಂಚಾನೂ ಇಟ್ಕೋ.”

ಹೇಳಿ ಮುಗಿಸುವುದರೊಳಗೆ ಅವನ ಗೊರಕೆ ಶುರುವಾಯಿತು. ಗೂಬೆ ಮಂಚದ ಮೇಲೆ ಮೈ ಚಾಚಿದಳು. ಕುಕ್ಕರ್ ಇಲ್ಲ, ಹಾರ್ನ್ ಇಲ್ಲ, ಮೊಳೆ ಇಲ್ಲ. ಆಡಿ ದಣಿದ ಮೈಗೆ ನಿದ್ದೆ ತಾನಾಗಿ ಬರಬೇಕಿತ್ತು. ಮಗ್ಗುಲು ಬದಲಿಸಿದಳು, ಗೋಡೆಯ ಕಡೆಗೆ, ಮತ್ತೆ ಈ ಕಡೆಗೆ. ಇಷ್ಟು ಹೊತ್ತಿಗೆ ಉರುಳೆಗಳು ಕಾದಿರುತ್ತವೆ. ಮೊದಲ ಬೆಡ್‌ಶೀಟು ಹೊರಬಂದಿರುತ್ತದೆ. ಇಸ್ತ್ರಿ ಅಕ್ಕ ತನ್ನ ಎರಡು ತುದಿ ಹಿಡಿದು, ಮಂಡಿನೋವಿನ ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬಿಟ್ಟುಕೊಂಡು, ಎದುರಿಗೆ ಯಾರೋ ಹೊಸಬಳು ಬರುವುದನ್ನು ಕಾಯುತ್ತಿರುತ್ತಾಳೆ.

ಕತ್ತಲಲ್ಲಿ ಗೂಬೆಯ ಎರಡೂ ಕೈ ಹೊದಿಕೆಯ ತುದಿಗಳನ್ನು ಹುಡುಕಿ ಹಿಡಿದುಕೊಂಡಿದ್ದವು. ಬಿಡಿಸಿಕೊಂಡರೆ ಮತ್ತೆ ಹೋಗಿ ಹಿಡಿಯುತ್ತಿದ್ದವು. ಕೆಳಗೆ ತಮ್ಮ ಅವಳ ಪಾಲಿನ ನಿದ್ದೆಯನ್ನೂ ಸೇರಿಸಿ ಮಲಗಿದ್ದ.