ಉಸಿರು ಬಿಡಿ

ಊಟದ ಡಬ್ಬಿಯ ಮುಚ್ಚಳ ತೊಳೆಯುವಾಗ ಅವಳ ಬೆರಳು ಜಾರಿತು.

ಸೋಪು ಹಾಕಿ ಉಜ್ಜಿದಳು. ಮತ್ತೆ ಜಾರಿತು. ಬೆಳಿಗ್ಗೆ ಗಂಡನಿಗೆ ಆ ಡಬ್ಬಿಯಲ್ಲಿ ಹಾಕಿಕೊಟ್ಟದ್ದು ಹಳದಿ ತೆಗೆದ ಎರಡು ಬೇಯಿಸಿದ ಮೊಟ್ಟೆ, ಒಣಗುವಂತೆ ಸುಟ್ಟ ನಾಲ್ಕು ತುಂಡು ಬ್ರೆಡ್ಡು, ಪೊಟ್ಟಣದ ಮೇಲೆ ಕೆಂಪು ಹೃದಯದ ಚಿತ್ರವಿರುವ ಬಿಸ್ಕತ್ತು. ಜಿಡ್ಡು ಬಿಡುವಂಥದ್ದು ಅದರಲ್ಲಿ ಏನೂ ಇರಲಿಲ್ಲ. ಮುಚ್ಚಳವನ್ನು ಮೂಗಿನ ಹತ್ತಿರ ತಂದಳು. ಬೆಣ್ಣೆ.

ಅವಳು ಕೂಗಾಡಲಿಲ್ಲ. ಡಬ್ಬಿಯನ್ನು ಕವುಚಿ ಹಾಕಿ, ಮುಂದಿನ ಕೋಣೆಗೆ ಹೋಗಿ ಹೊಲಿಗೆ ಯಂತ್ರದ ಮುಂದೆ ಕೂತಳು.

ಆ ಕೋಣೆಯೇ ಅವಳ ಅಂಗಡಿ. ಗೋಡೆಗೆ ಆಳೆತ್ತರದ ಕನ್ನಡಿ, ಬಟ್ಟೆ ಕತ್ತರಿಸುವ ಮೇಜು, ಅವಳ ಕೊರಳಲ್ಲಿ ಸದಾ ನೇತಾಡುವ ಟೇಪು. ಇಪ್ಪತ್ತು ವರ್ಷಗಳಿಂದ ಆ ಬೀದಿಯವರ ಸೊಂಟಗಳೆಲ್ಲ ಅವಳ ಕೈ ದಾಟಿ ಹೋಗಿದ್ದವು. ಟೇಪು ಸುತ್ತುತ್ತಲೇ ಎಲ್ಲರೂ ಹೊಟ್ಟೆಯನ್ನು ಒಳಗೆಳೆದುಕೊಳ್ಳುತ್ತಾರೆ; ಅದಕ್ಕೆ ಹೆಂಗಸು ಗಂಡಸು ಎಂಬ ಭೇದವಿಲ್ಲ. “ಉಸಿರು ಬಿಡಿ” ಎನ್ನುವುದು ಅವಳ ವಾಡಿಕೆ. ಬಿಡದಿದ್ದರೆ ಟೇಪು ಹಿಡಿದುಕೊಂಡೇ ಮಕ್ಕಳ ಶಾಲೆ, ಮೊಣಕಾಲು ನೋವು ಎಂದು ಮಾತಿಗೆಳೆಯುತ್ತಾಳೆ. ಹೊಟ್ಟೆ ಮೈಮರೆತು ತನ್ನ ಜಾಗಕ್ಕೆ ಬರುತ್ತದೆ. ಯಾರು ಎಷ್ಟು ಮುಚ್ಚಿಡುತ್ತಿದ್ದಾರೆ ಎಂಬುದು ತನಗೆ ಬೆರಳ ತುದಿಯಲ್ಲೇ ತಿಳಿಯುತ್ತದೆ ಎಂದು ಅವಳು ನಂಬಿದ್ದಳು.

ಗಂಡನಿಗೆ ಬಸ್ ಓಡಿಸುವ ಕೆಲಸ. ಅವನ ಅಣ್ಣನೂ ಚಾಲಕನೇ ಆಗಿದ್ದ. ಹನ್ನೊಂದು ವರ್ಷದ ಹಿಂದೆ, ನಲವತ್ತೆಂಟನೆಯ ವಯಸ್ಸಿನಲ್ಲಿ, ಊಟಕ್ಕೆ ಕೂತವನು ಕೂತ ಹಾಗೇ ವಾಲಿಬಿಟ್ಟ. ಹೃದಯ, ಎಂದರು. ತಟ್ಟೆಯಲ್ಲಿ ಇನ್ನೂ ಮಾಂಸದ ತುಂಡುಗಳಿದ್ದವು. ಅಂಚಿಗೆ ಬಿಳಿಯ ಕೊಬ್ಬು ಹೆಪ್ಪುಗಟ್ಟಿತ್ತು. ಆ ಗಲಾಟೆಯಲ್ಲಿ ತಟ್ಟೆಯನ್ನು ತೊಳೆದಿಟ್ಟವಳು ಇವಳು. ಅವತ್ತಿನಿಂದ ತನ್ನ ಅಡುಗೆಮನೆಗೆ ತಾನೇ ಕಾವಲು ಕೂತಳು. ಬೆಣ್ಣೆ ಹೊರಗೆ ಹೋಯಿತು. ಹಾಲಿನ ಕೆನೆ ಹೋಯಿತು. ಮೊಟ್ಟೆಯ ಹಳದಿ ಪಕ್ಕದ ಮನೆಯ ಬೆಕ್ಕಿಗೆ ಹೋಯಿತು. ಬೆಕ್ಕು ಮಿರಮಿರ ಮಿಂಚತೊಡಗಿತು. ಗಂಡ ಮಾತ್ರ ವರ್ಷದಿಂದ ವರ್ಷಕ್ಕೆ ಊದುತ್ತ ಹೋದ.

ಅವನ ನೀಲಿ ಸಮವಸ್ತ್ರದ ಪ್ಯಾಂಟು ಬಿಗಿಯಾದಾಗಲೆಲ್ಲ ಅವಳು ಹೇಳದೆ ಕೇಳದೆ ಹಿಂಬದಿಯ ನಡುಹೊಲಿಗೆಯನ್ನು ಬಿಚ್ಚಿ, ಅರ್ಧ ಇಂಚು ಸಡಿಲಿಸಿ ಹೊಲಿದಿಡುತ್ತಿದ್ದಳು. ಮೊದಲೇ ಅಣ್ಣನ ಕೊರಗು, ಅದರ ಮೇಲೆ ಇದನ್ನೂ ಯಾಕೆ ಹೇಳಬೇಕು ಎಂಬ ಕನಿಕರ. ಅವನು ಕನ್ನಡಿಯ ಮುಂದೆ ನಿಂತು, ನೀನು ಹೊಲಿದಾಗಿನ ಅಳತೆಯೇ ಇದೆ ನೋಡು ಎಂದು ಹೊಟ್ಟೆ ತಟ್ಟಿಕೊಳ್ಳುತ್ತಿದ್ದ. ಅವಳು ಉಸಿರು ಬಿಡುತ್ತಿರಲಿಲ್ಲ.

ಚಾಲಕರ ವಾರ್ಷಿಕ ತಪಾಸಣೆಯಲ್ಲಿ ವೈದ್ಯೆಯ ತಕ್ಕಡಿ ಆ ಕನಿಕರ ತೋರಿಸಲಿಲ್ಲ. ತೂಕ ಹೆಚ್ಚು, ರಕ್ತದಲ್ಲಿ ಸಕ್ಕರೆ ಹೆಚ್ಚು. ಮೂರು ತಿಂಗಳ ಗಡುವು. ಅಷ್ಟರಲ್ಲಿ ಎರಡೂ ಇಳಿಯದಿದ್ದರೆ ಸ್ಟೇರಿಂಗ್ ಬಿಟ್ಟು ಡಿಪೋದ ಷೆಡ್ಡಿನಲ್ಲಿ ಕೆಲಸ. ಇಪ್ಪತ್ತಾರು ವರ್ಷ ಬಸ್ಸಿನ ಮುಂಗಾಜಿನಿಂದ ಲೋಕ ನೋಡಿದ ಮನುಷ್ಯ ಷೆಡ್ಡಿನಲ್ಲಿ ಒಂದು ವಾರವೂ ಬಾಳಲಾರ ಎಂದು ಇಬ್ಬರಿಗೂ ಗೊತ್ತಿತ್ತು. ಅವತ್ತು ತಕ್ಕಡಿ ಕಿರುಗುಟ್ಟಿದ್ದಕ್ಕೆ ಸಾಲಿನಲ್ಲಿದ್ದವರು ನಕ್ಕಿದ್ದರಂತೆ. ಗಡುವಿನ ದಿನದವರೆಗೆ ಇನ್ನು ತಕ್ಕಡಿ ಹತ್ತುವುದಿಲ್ಲ, ಇಳಿದರೆ ಪ್ಯಾಂಟೇ ಹೇಳುತ್ತದೆ ಎಂದಿದ್ದ.

ಅಂಥದ್ದರಲ್ಲಿ ಬೆಣ್ಣೆ.

ಸಂಜೆ ಅವನು ಬಂದು ಕೈಕಾಲು ತೊಳೆಯುವಷ್ಟರಲ್ಲಿ ಡಬ್ಬಿ ಮೇಜಿನ ಮೇಲಿತ್ತು. ಅವನು ನೋಡಿ, ಒಮ್ಮೆ ನಕ್ಕು, ಒಪ್ಪಿಕೊಂಡ. ಎರಡು ವಾರವಾಗಿತ್ತಂತೆ. ಅವಳ ಬ್ರೆಡ್ಡು, ಬಿಸ್ಕತ್ತು ಡಿಪೋದ ನಾಯಿಗೆ ಹೋಗುತ್ತಿದ್ದವು; ಅದೇ ಡಬ್ಬಿಗೆ ಕ್ಯಾಂಟೀನಿನಿಂದ ಬೆಣ್ಣೆಯ ಅಡುಗೆ ಹಾಕಿಸಿಕೊಂಡು ತಿನ್ನುತ್ತಿದ್ದ. ಇದನ್ನೆಲ್ಲ ಹೇಳಿಕೊಟ್ಟವನು ನಿವೃತ್ತ ಟೈರ್ ಮೇಸ್ತ್ರಿ. ಏನು ಮಾತಾಡಿದರೂ ಹಿಂದಿನ ಕಾಲಕ್ಕೇ ಹೋಗಿ ನಿಲ್ಲುವ ಅವನನ್ನು ಡಿಪೋದವರು ರಿವರ್ಸ್ ಮಾವ ಎನ್ನುತ್ತಿದ್ದರು. ಎಪ್ಪತ್ತು ದಾಟಿದರೂ ಬೆನ್ನು ಬಾಗಿರಲಿಲ್ಲ. ಅವನು ಹೇಳಿದ್ದು ಇಷ್ಟೇ: ತಾಯಿ ಬಡಿಸುತ್ತಿದ್ದದ್ದನ್ನು ತಿನ್ನು. ಹಳದಿ ಸಮೇತ ಮೊಟ್ಟೆ, ಕೊಬ್ಬು ಸಮೇತ ಮಾಂಸ, ಕೆನೆ ಸಮೇತ ಮೊಸರು, ಬೆಣ್ಣೆಯಲ್ಲಿ ಬಾಡಿಸಿದ ಸೊಪ್ಪು ತರಕಾರಿ, ಒಂದು ಹಿಡಿ ಕಡಲೆಬೀಜ. ಸಕ್ಕರೆ ಬೇಡ, ಪೊಟ್ಟಣದಲ್ಲಿ ಬಂದದ್ದು ಬೇಡ, ಹೊಟ್ಟೆ ತುಂಬಿದ ಮೇಲೆ ಮತ್ತೆ ಮತ್ತೆ ಬಾಯಾಡಿಸುವುದು ಬೇಡ.

“ಡಾಕ್ಟರಮ್ಮನಿಗೂ ಹೇಳಿದ್ದೀನಿ. ಸಕ್ಕರೆ ಕಾಯಿಲೆ ಮಾತ್ರೆ ಅರ್ಧ ಮಾಡಿದ್ದಾರೆ. ಊಟ ಮಾತ್ರ ತಪ್ಪಿಸಬೇಡ ಅಂದ್ರು.”

“ನಿಮಗೆ ಕೊಬ್ಬು ಜಾಸ್ತಿ ಆಗಿದೆ.”

“ಡಾಕ್ಟರಮ್ಮನೂ ಅದನ್ನೇ ಹೇಳಿದ್ದು.”

ಅವಳು ನಗಲಿಲ್ಲ. ಬೆಣ್ಣೆ ಹಚ್ಚಿ ಮಾತಾಡಬೇಡಿ ಎಂದಳು. ಹಚ್ಚೋಕೆ ಮನೆಯಲ್ಲಿ ಎಲ್ಲಿದೆ ಎಂದು ಅವನು ಕೇಳಿದ. ಆಮೇಲೆ ದನಿ ತಗ್ಗಿಸಿ ಹೇಳಿದ.

“ಹಸಿವಾಗಲ್ಲ ಕಣೇ. ಮೊದಲು ಹತ್ತು ಗಂಟೆಗೇ ಕೈ ಬಿಸ್ಕತ್ತಿಗೆ ಹೋಗ್ತಿತ್ತು. ಈಗ ಮಧ್ಯಾಹ್ನದವರೆಗೂ ಊಟದ ನೆನಪೇ ಬರಲ್ಲ. ನಮ್ಮಮ್ಮ ಇದನ್ನೇ ತಾನೆ ಬಡಿಸ್ತಿದ್ದಿದ್ದು?”

“ನಿಮ್ಮಮ್ಮ ಬಡಿಸಿದ್ದನ್ನೇ ಭಾವನೂ ತಿಂತಿದ್ರು.”

ಅವನು ಡಬ್ಬಿಯನ್ನು ಪಕ್ಕಕ್ಕೆ ಸರಿಸಿದ. “ಅಣ್ಣ ದಿನಕ್ಕೆ ಎರಡು ಪ್ಯಾಕ್ ಸಿಗರೇಟು ಸೇದ್ತಿದ್ದ. ಅದನ್ನ ಯಾಕೆ ಯಾರೂ ಹೇಳಲ್ಲ?”

ಅವಳಿಗೆ ಸಿಗರೇಟು ನೆನಪಿರಲಿಲ್ಲ. ತಟ್ಟೆ ನೆನಪಿತ್ತು.

ಮರುದಿನ ರಿವರ್ಸ್ ಮಾವನ ಮೇಲೆ ಅನುಮಾನ ಶುರುವಾಯಿತು. ಅವನ ಮನೆಯಲ್ಲಿ ಎಮ್ಮೆಯೋ ಹಸುವೋ ಇರಬೇಕು, ಬೆಣ್ಣೆ ಮಾರುವ ಹುನ್ನಾರ ಎಂದುಕೊಂಡು ವಿಚಾರಿಸಿದಳು. ಅವನ ಮನೆಯಲ್ಲಿ ಒಂದು ಕೋಳಿಯೂ ಇರಲಿಲ್ಲ. ಅವಳು ಸಾಮಾನು ತರುವ ಅಂಗಡಿಯಲ್ಲೇ ಅವನೂ ಬೆಣ್ಣೆ ಕೊಳ್ಳುತ್ತಿದ್ದ. ಅಲ್ಲೇ ಅಡ್ಡಗಟ್ಟಿ ಕೇಳಿದ್ದಕ್ಕೆ, ನಿನ್ನ ಗಂಡ ದಪ್ಪ ಆದರೆ ಬಸ್ಸಿನ ಸೀಟು ಹರಿಯೋದು ತಾಯಿ, ನನ್ನದೇನು ಹೋಗೋದಿದೆ ಎಂದು ನಕ್ಕುಬಿಟ್ಟ. ಲಾಭವಿಲ್ಲದೆ ಬುದ್ಧಿ ಹೇಳುವವನ ಮೇಲೆ ಅವಳ ಅನುಮಾನ ಇನ್ನಷ್ಟು ಹೆಚ್ಚಿತು. ದಿನವೂ ಡಬ್ಬಿ ಮೂಸಿದಳು. ಗಂಡ ಮಲಗಿದಾಗ ಎದೆಯ ಏರಿಳಿತವನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡಿದಳು. ಮೆಟ್ಟಿಲು ಹತ್ತುವಾಗ ಅವನು ಏದುಸಿರು ಬಿಡದಿದ್ದರೆ, ತನಗೆ ಕೇಳಬಾರದೆಂದು ಉಸಿರು ಹಿಡಿದಿದ್ದಾನೆ ಎಂದುಕೊಂಡಳು.

ಬಾಯಿಗೆ ಬೀಗ ಹಾಕಲು ಆಗುವುದಿಲ್ಲ, ಸೊಂಟಕ್ಕೆ ಹಾಕಬಹುದು ಎಂಬ ಯೋಚನೆ ಬಂದದ್ದು ಪ್ಯಾಂಟಿಗೆ ಇಸ್ತ್ರಿ ಹಾಕುವಾಗ. ಎರಡು ಪ್ಯಾಂಟುಗಳ ನಡುಹೊಲಿಗೆಯನ್ನೂ ಬಿಚ್ಚಿದಳು. ಈ ಸಲ ಸಡಿಲಿಸಲಿಲ್ಲ. ಅರ್ಧ ಇಂಚು ಒಳಗೆ ಹಿಡಿದಳು. ಬಿಗಿಯಾದರೆ ಅವನಿಗೇ ಗೊತ್ತಾಗುತ್ತದೆ, ಬೆಣ್ಣೆಯನ್ನು ತಾನಾಗಿ ಬಿಡುತ್ತಾನೆ. ಒಂದೇ ಸಲ ಎಂದುಕೊಂಡಿದ್ದಳು. ಆದರೆ ಮುಂದಿನ ವಾರವೂ ಅವನು ಸಲೀಸಾಗಿ ಗುಂಡಿ ಹಾಕಿಕೊಂಡ. ಹೊಲಿಗೆ ಜಗ್ಗಿರಬೇಕು, ಬಟ್ಟೆ ಹಿಗ್ಗಿರಬೇಕು ಎಂದು ಮತ್ತೆ ಅರ್ಧ ಇಂಚು ಹಿಡಿದಳು. ಹೀಗೆ ಆರು ವಾರ. ಹಿಂಬದಿಯ ಜೇಬುಗಳೆರಡೂ ಗುಟ್ಟು ಹೇಳಿಕೊಳ್ಳುವವರ ಹಾಗೆ ಹತ್ತಿರ ಹತ್ತಿರ ಬಂದವು. ತನ್ನ ಬೆನ್ನನ್ನು ತಾನು ನೋಡಿಕೊಳ್ಳುವವರು ಯಾರು?

ಅಂತೂ ಬಿಗಿಯಾಯಿತು. ಒಂದು ಬೆಳಿಗ್ಗೆ ಅವನು ಕನ್ನಡಿಯ ಮುಂದೆ ಬಹಳ ಹೊತ್ತು ನಿಂತ. ಹೊಟ್ಟೆ ತಟ್ಟಿಕೊಳ್ಳಲಿಲ್ಲ. ನೀನು ಹೇಳಿದ್ದೇ ಸರಿ ಎಂದಷ್ಟೇ ಹೇಳಿ, ಅವಳು ಕೊಟ್ಟ ಒಣ ಬ್ರೆಡ್ಡಿನ ಡಬ್ಬಿಯನ್ನು ತೆಗೆದುಕೊಂಡು ಹೋದ. ಗೆದ್ದ ಸಂತೋಷ ಬರಬೇಕಿತ್ತು. ಬರಲಿಲ್ಲ. ಡಬ್ಬಿಯ ಮುಚ್ಚಳ ಅವತ್ತಿನಿಂದ ಜಾರಲಿಲ್ಲ.

ಐದನೆಯ ದಿನ ಮಧ್ಯಾಹ್ನ ಅವನ ಬಸ್ಸಿನ ಕಂಡಕ್ಟರಮ್ಮ ಅವನನ್ನು ಆಟೋದಲ್ಲಿ ಕರೆತಂದಳು. ಅವನ ಅಂಗಿ ಬೆವರಿಗೆ ಬೆನ್ನಿಗಂಟಿತ್ತು, ಮುಖ ಬೂದಿಯ ಹಾಗಿತ್ತು. ಒಳಗೆ ಹೋಗಿ ಪ್ಯಾಂಟು ಬದಲಿಸಿ ಮಲಗಿಬಿಟ್ಟ. ಕಂಡಕ್ಟರಮ್ಮ ಬಾಗಿಲಲ್ಲೇ ನಿಂತು ಹೇಳಿದಳು.

“ಅಕ್ಕ, ನಾಲ್ಕು ದಿನದಿಂದ ಡಬ್ಬಿ ಪೂರ್ತಿ ನಾಯಿಗೇ ಹಾಕ್ತಿದ್ದಾರೆ. ಕೇಳಿದ್ರೆ, ಬೆಣ್ಣೆ ಬಿಟ್ಟರೂ ಪ್ಯಾಂಟು ಹಿಡೀತಿದೆ, ಇನ್ನು ಊಟನೇ ಬಿಡ್ತೀನಿ ಅಂತಾರೆ. ಮಾತ್ರೆ ಮಾತ್ರ ತಪ್ಪದೆ ನುಂಗ್ತಾರೆ. ಇವತ್ತು ಕೈ ನಡುಗೋಕೆ ಶುರುವಾಯ್ತು. ನಲವತ್ತು ಜನ ಇದ್ರು ಬಸ್ಸಲ್ಲಿ. ಪುಣ್ಯಕ್ಕೆ ಪಕ್ಕಕ್ಕೆ ಹಾಕಿ ನಿಲ್ಲಿಸಿದ್ರು. ಸ್ಟೇರಿಂಗಿಂದ ಕೈ ಬಿಡಿಸೋಕೆ ನಾನು ಬೆರಳು ಒಂದೊಂದಾಗಿ ಎತ್ತಬೇಕಾಯ್ತು.” ಸಕ್ಕರೆ ಹಾಕಿದ ಚಹಾ ಕುಡಿಸಿದ ಮೇಲೆ, ಡಾಕ್ಟರಮ್ಮನ ಹತ್ತಿರ ತೋರಿಸಿಯೇ ಕರೆತಂದಿದ್ದಳು. ಊಟ ಬಿಟ್ಟು ಮಾತ್ರೆ ನುಂಗಿದ್ದೇ ಕಾರಣವಂತೆ.

ಕಂಡಕ್ಟರಮ್ಮ ಹೊರಟುಹೋದಳು. ಮೇಜಿನ ಮೇಲೆ ಬಿಸ್ಕತ್ತಿನ ಪೊಟ್ಟಣವಿತ್ತು. ಏನಾದರೂ ಹಿಡಿದುಕೊಳ್ಳಬೇಕೆನಿಸಿ ಅದನ್ನು ಹಿಡಿದುಕೊಂಡಳು. ಹನ್ನೊಂದು ವರ್ಷ ಅದರ ಮುಂಭಾಗವನ್ನಷ್ಟೇ ನೋಡಿದ್ದಳು. ಈಗ ತಿರುಗಿಸಿದಳು. ಸಣ್ಣ ಅಕ್ಷರ, ಸೂಜಿಗೆ ದಾರ ಪೋಣಿಸುವ ಕನ್ನಡಕ ಹಾಕಿಕೊಂಡು ಓದಿದಳು. ಮೊದಲು ಮೈದಾ. ಎರಡನೆಯದು ಸಕ್ಕರೆ. ಬೆಣ್ಣೆಯನ್ನು, ಟೈರ್ ಮೇಸ್ತ್ರಿಯನ್ನು, ಗಂಡನ ಉಸಿರನ್ನೂ ಅನುಮಾನಿಸಿದವಳು ಆ ಕೆಂಪು ಹೃದಯವನ್ನು ಒಮ್ಮೆಯೂ ಅನುಮಾನಿಸಿರಲಿಲ್ಲ.

ಕುರ್ಚಿಯ ಮೇಲೆ ಪ್ಯಾಂಟು ಬಿದ್ದಿತ್ತು. ಎತ್ತಿ ಟೇಪು ಹಿಡಿದಳು. ತಾನು ಒಳಗೆ ಹಿಡಿದದ್ದು ಮೂರು ಇಂಚು. ಇವತ್ತು ಬೆಳಿಗ್ಗೆಯೂ ಅವನು ಅದರ ಗುಂಡಿ ಹಾಕಿಕೊಂಡಿದ್ದ. ಅಂದರೆ ಮೂರು ಇಂಚು ಇಳಿದಿದ್ದ. ಇದನ್ನು ಹೊಸದಾಗಿ ಟೇಪು ಹಿಡಿದವರೂ ಹೇಳುತ್ತಿದ್ದರು.

ಅವನು ಎದ್ದು ಬಂದಾಗ ಅವಳು ಹೊಲಿಗೆ ಬಿಚ್ಚುವ ಕೊಕ್ಕೆ ಹಿಡಿದು ಕೂತಿದ್ದಳು. ಪ್ಯಾಂಟನ್ನು ಅವನ ಮುಂದೆ ಹರಡಿ, ಒಂದೊಂದೇ ಎಳೆ ಕಿತ್ತಳು. ಒಳಗೆ ಮಡಚಿಟ್ಟ ಬಟ್ಟೆ ತೆರೆದುಕೊಂಡಿತು. ಅದರ ನೀಲಿ ಇನ್ನೂ ಮಾಸಿರಲಿಲ್ಲ. ಅದರ ಮೇಲೆ ಸೂಜಿಯ ತೂತುಗಳ ಸಾಲು, ಒಂದರ ಪಕ್ಕ ಒಂದು.

“ಇದೇನು?”

“ಈ ಆರು ಸಾಲು ಈಗಿನದು. ನೀವು ದಪ್ಪ ಆಗಿಲ್ಲ. ನಾನು ಹಿಡಿದೆ.”

ಅವನ ಬೆರಳು ಇನ್ನೂ ಹೊರಗೆ ಜರುಗಿತು. ಅಲ್ಲಿಯೂ ತೂತುಗಳಿದ್ದವು, ಹಳೆಯವು, ಅರ್ಧ ಮುಚ್ಚಿಕೊಂಡವು. “ಇದು?”

“ಅದು ಮೊದಲಿನದು. ಆಗ ಬಿಡಿಸ್ತಿದ್ದೆ. ನಿಮಗೆ ಬೇಜಾರಾಗಬಾರದು ಅಂತ.”

ಅವನು ಪ್ಯಾಂಟನ್ನು ಕಿಟಕಿಯ ಬೆಳಕಿಗೆ ಹಿಡಿದ. ತೂತುಗಳಲ್ಲಿ ಬೆಳಕು ಸಾಲಾಗಿ ಕಂಡಿತು.

“ಹಾಗಾದ್ರೆ ನಾನು ನನ್ನ ಅಳತೆ ಯಾವತ್ತೂ ನೋಡೇ ಇಲ್ಲ.”

ಅವಳು ತಲೆ ಎತ್ತಲಿಲ್ಲ. “ಭಾವನ ತಟ್ಟೆ ತೊಳೆದದ್ದು ನಾನು” ಎಂದಳು. “ಆ ಕೊಬ್ಬು ಕೈಯಿಂದ ಹೋಗಲೇ ಇಲ್ಲ.”

ಅವನಿಗೆ ಇದು ಗೊತ್ತಿರಲಿಲ್ಲ. ಆದರೂ ಕೂಡಲೇ ಸಮಾಧಾನ ಹೇಳುವಂಥ ಮನಸ್ಥಿತಿ ಅವನಿಗಿರಲಿಲ್ಲ. ಮೂರು ದಿನ ಬೇಕು ಬೇಡ ಎಂಬುದರಾಚೆ ಮಾತಿರಲಿಲ್ಲ. ಅವಳು ಅಂಗಡಿಗೆ ಹೋಗಿ ಬೆಣ್ಣೆ ತಂದಳು. ಮೊಟ್ಟೆಯನ್ನು ಹಳದಿ ಸಮೇತ ಬೇಯಿಸಿ, ಸೊಪ್ಪನ್ನು ಬೆಣ್ಣೆಯಲ್ಲಿ ಬಾಡಿಸಿ, ಎರಡು ತಟ್ಟೆಗೂ ಬಡಿಸಿದಳು. ಮೊದಲ ತುತ್ತಿಗೆ ಅವಳ ಗಂಟಲು ಒಪ್ಪಲಿಲ್ಲ. ಎರಡನೆಯದಕ್ಕೆ ಒಪ್ಪಿತು. ಪಕ್ಕದ ಮನೆಯ ಬೆಕ್ಕು ಕಿಟಕಿಯಲ್ಲಿ ಕಾದು ಕಾದು, ಮುಖ ಊದಿಸಿಕೊಂಡು ಇಳಿದುಹೋಯಿತು.

ಗಡುವಿನ ದಿನ ಅವನು ಬಿಚ್ಚಿದ ಪ್ಯಾಂಟನ್ನೇ ಮೊದಲಿನ ಸಡಿಲಕ್ಕೆ ಹೊಲಿಸಿಕೊಂಡು, ಬಾಗಿಲ ಹಿಂದೆ ವರ್ಷಗಳಿಂದ ನೇತಾಡುತ್ತಿದ್ದ ಬೆಲ್ಟು ಬಿಗಿದುಕೊಂಡು ಹೋದ. ಮಧ್ಯಾಹ್ನ ಬಂದಾಗ ಕೈಯಲ್ಲಿ ವರದಿಯಿತ್ತು. ಏನನ್ನೂ ಬಿಡದೆ ಓದಿದ. ತೂಕ ಏಳು ಕಿಲೋ ಕಡಿಮೆ. ಸಕ್ಕರೆ ಮಿತಿಯೊಳಗೆ. ರಕ್ತದ ಒಂದು ಬಗೆಯ ಕೊಬ್ಬು ಮಾತ್ರ ಸ್ವಲ್ಪ ಏರಿದೆ. ಬೆಣ್ಣೆ ಎಲ್ಲರ ಮೈಗೂ ಒಂದೇ ಥರ ಹತ್ತುವುದಿಲ್ಲ, ಕೈ ಹಿಡಿದು ಹಾಕು, ಮೂರು ತಿಂಗಳಿಗೆ ಮತ್ತೆ ತೋರಿಸು ಎಂದಿದ್ದರು ಡಾಕ್ಟರಮ್ಮ. ಸ್ಟೇರಿಂಗ್ ಉಳಿಯಿತು. ಕೊಬ್ಬಿನ ಸಾಲನ್ನು ಅವಳು ಇನ್ನೊಮ್ಮೆ ಓದಿಸಿದಳು. ಅವಳು ಆ ಸಾಲಿನ ಕೆಳಗೆ ಗುರುತು ಹಾಕಿ, ಕಾಗದವನ್ನು ಕನ್ನಡಿಯ ಅಂಚಿಗೆ ಸಿಕ್ಕಿಸಿದಳು. ಇಬ್ಬರಿಗೂ ಕಾಣುವ ಹಾಗೆ.

“ಈಗ ಸರಿಯಾಗಿ ಅಳೆದು ಹೊಲಿ” ಎಂದು ಅವನು ಕನ್ನಡಿಯ ಮುಂದೆ ನಿಂತ. ಟೇಪು ಸುತ್ತಿದಳು. ಅವನು ಹೊಟ್ಟೆ ಒಳಗೆಳೆದುಕೊಂಡ.

“ಉಸಿರು ಬಿಡಿ.”

ಬಿಟ್ಟ. ಅವಳು ಅಂಕಿಯನ್ನು ಗಟ್ಟಿಯಾಗಿ ಓದಿದಳು.

ಅವನು ಟೇಪನ್ನು ಅವಳ ಕೈಯಿಂದ ತೆಗೆದುಕೊಂಡ. “ಈಗ ನೀನು ನಿಲ್ಲು.”

ಇಪ್ಪತ್ತು ವರ್ಷ ಕೊರಳಲ್ಲಿ ಇದ್ದ ಟೇಪು ಒಮ್ಮೆಯೂ ಅವಳ ಸೊಂಟಕ್ಕೆ ಇಳಿದಿರಲಿಲ್ಲ. ತನ್ನ ಬಟ್ಟೆಗಳನ್ನು ಅವಳು ಕಣ್ಣಂದಾಜಿನಲ್ಲೇ ಹೊಲಿದುಕೊಳ್ಳುತ್ತಿದ್ದಳು. ಅವನು ಸುತ್ತಿದ. ಅವಳ ಹೊಟ್ಟೆ ತನ್ನಷ್ಟಕ್ಕೆ ತಾನೇ ಒಳಗೆ ಸರಿಯಿತು. ಅವನು ಅವಸರ ಮಾಡಲಿಲ್ಲ. ಟೇಪು ಹಿಡಿದುಕೊಂಡೇ, ಕನ್ನಡಿಯಲ್ಲಿ ಅವಳನ್ನು ನೋಡುತ್ತ ಕೇಳಿದ.

“ಪಕ್ಕದ ಮನೆ ಬೆಕ್ಕು ಹೇಗಿದೆ?”

ಅವಳು ಉಸಿರು ಬಿಟ್ಟಳು.