ಬಿಸಿ ಏರುವ ಮೊದಲಿನ ದಿನಗಳು

ಚಳಿ ಇನ್ನೂ ಬಿಟ್ಟಿರಲಿಲ್ಲ. ಬೆಳಗಿನ ಜಾವ ಒಲೆ ಹೊತ್ತಿಸಿ ಸೊಸೆಯನ್ನು ಎಬ್ಬಿಸಲು ಹೋದೆ. ನಮ್ಮದು ಬೇಕರಿ, ಮುಂದೆ ಅಂಗಡಿ, ನಡುವೆ ಒಲೆ, ಹಿಂದೆ ಒಂದೇ ಕೋಣೆ. ಅದಕ್ಕೆ ಹಲಗೆ ಅಡ್ಡ ಹೊಡೆದು ಈಚೆ ನಾನು, ಆಚೆ ಮಗ ಸೊಸೆ. ಅವಳು ಎಚ್ಚರವಾಗೇ ಇದ್ದಳು. ಆದರೆ ಎದ್ದಿರಲಿಲ್ಲ, ಬಾಯಲ್ಲಿ ಜ್ವರದ ಕಡ್ಡಿ.

“ಜ್ವರವೇನೇ?” ಎಂದೆ.

“ಊಂ ಊಂ.”

“ಇದೆಯೋ ಇಲ್ಲವೋ ನೆಟ್ಟಗೆ ಹೇಳಬಾರದಾ?”

ಕೈ ಬೀಸಿ ನನ್ನನ್ನೇ ಸುಮ್ಮನಿರಿಸಿದಳು. ಕಡ್ಡಿ ಕೀಂಯ್ ಎಂದಿತು. ಕ್ಯಾಲೆಂಡರಿನ ಹಿಂಬದಿಗೆ ಅಂಕಿ ಬರೆದುಕೊಂಡು, ಆಮೇಲೆ “ಏನತ್ತೆ?” ಎಂದಳು.

ಮಗು ಬೇಕೆಂದು ಅವರು ದಿನ ಎಣಿಸತೊಡಗಿ ಆಗಲೇ ಐದು ತಿಂಗಳು. ಮುಟ್ಟಾದ ದಿನ ಅವಳು ಹಿಟ್ಟನ್ನು ನಾದುತ್ತಿರಲಿಲ್ಲ, ಗುದ್ದುತ್ತಿದ್ದಳು. ಸದ್ದಿನಲ್ಲೇ ನನಗೆ ತಿಳಿಯುತ್ತಿತ್ತು.

“ತಿಂಗಳಿಗೊಂದು ಮೊಟ್ಟೆ ಒಳಗೆ ಬಿಡುಗಡೆ ಆಗುತ್ತಂತೆ ಅತ್ತೆ. ಆಗ ಮೈ ಬಿಸಿ ಒಂಚೂರು ಏರುತ್ತೆ. ಆ ದಿನ ತಪ್ಪಿಸಬಾರದು.”

“ಒಲೆ ಕಾದ ಮೇಲೆ ತಾನೇ ಅಮ್ಮ ಬ್ರೆಡ್ಡು ಇಡೋದು?” ಎಂದ ಮಗ. ಬೇಕರಿಯವರಿಗೆ ಇದಕ್ಕಿಂತ ಸರಿಯಾದ ಮಾತು ಇನ್ನೇನಿದೆ? ನಾನೂ ಒಪ್ಪಿದೆ.

ಬಿಸಿ ಏರಿದ ದಿನ ಅವಳು “ರೀ!” ಎಂದು ಕೂಗಿದರೆ ಇವನು ಹಿಟ್ಟಿನ ಕೈಯಲ್ಲೇ ಓಡುತ್ತಿದ್ದ. ನಾದಿದ್ದು ಉಬ್ಬಿ ತೊಟ್ಟಿಯಿಂದ ಇಳಿದು ಬರುತ್ತಿತ್ತು. ಅವತ್ತಿನ ಬನ್ನೆಲ್ಲ ಹುಳಿ. ಗಿರಾಕಿಗಳಿಗೆ ನಾನು ಏನಂತ ಹೇಳಲಿ?

ನಾನು ಮೂರನೇ ಕ್ಲಾಸಿಗೇ ಶಾಲೆ ಬಿಟ್ಟವಳು. ಅಕ್ಷರ ತಡವರಿಸುತ್ತದೆ, ಅಂಕಿ ಮರೆಯುವುದಿಲ್ಲ. ಮೂರು ತಿಂಗಳು ಅವಳ ಕ್ಯಾಲೆಂಡರು ನೋಡುತ್ತಾ ಬಂದೆ. ಮುಟ್ಟಿನಿಂದ ಬಿಸಿ ಏರುವವರೆಗಿನ ದಿನ ಒಮ್ಮೆ ಹದಿನೆಂಟು, ಒಮ್ಮೆ ಇಪ್ಪತ್ತೆರಡು. ಏರಿದ ಮೇಲೆ ಮಾತ್ರ ಅಳೆದಿಟ್ಟ ಹಾಗೆ ಹದಿಮೂರನೇ ದಿನ ಗುದ್ದುವ ಸದ್ದು. ಮೂರು ಸಲವೂ ಹಾಗೇ. ಅಲ್ಲಿಂದ ನನ್ನ ತಲೆಗೆ ಒಂದು ಹುಳ ಹೊಕ್ಕಿತು: ಬಿಸಿ ಏರುವಷ್ಟರಲ್ಲಿ ಮೊಟ್ಟೆ ಬಿಡುಗಡೆ ಆಗಿಯೇ ಹೋಗಿರುತ್ತದೇನೋ. ದಿನಾ ಬ್ರೆಡ್ಡಿಗೆ ಬರುವ ನರ್ಸಮ್ಮನನ್ನು ಕೇಳಿಯೇ ಬಿಟ್ಟೆ.

“ಮೊಟ್ಟೆ ಮೊದಲೋ, ಬಿಸಿ ಮೊದಲೋ?”

“ಎಲ್ಲರೂ ಕೋಳಿ ಮೊದಲೋ ಅಂತ ಕೇಳ್ತಾರೆ. ನಿಮ್ಮದೇನಜ್ಜಿ ಹೊಸದು?” ಎಂದು ನಕ್ಕಳು. ಕ್ಯಾಲೆಂಡರಿನ ಕತೆ ಹೇಳಿದೆ. ಅವಳು ಚೀಲ ಕೆಳಗಿಟ್ಟಳು. “ಮೊಟ್ಟೆ ಮೊದಲು. ಅದು ಹೊರಬಿದ್ದ ಮೇಲೆ ಬಿಸಿ ಏರೋದು. ಮೊಟ್ಟೆಯ ಆಯುಸ್ಸು ಹೆಚ್ಚೆಂದರೆ ಒಂದು ದಿನ. ಗಂಡಸಿನ ವೀರ್ಯ ಒಳಗೆ ಮೂರು ದಿನ, ಐದು ದಿನವೂ ಇರುತ್ತೆ. ಅದು ಮೊದಲೇ ಹೋಗಿ ಕಾದಿರಬೇಕು.”

“ಅಂದರೆ ನನ್ನ ಮಗ ಬಸ್ಸು ಹೋದ ಮೇಲೆ ಓಡ್ತಿದ್ದಾನೆ!”

“ಮತ್ತೆ!”

“ಬಸ್ಸು ಬರೋದು ಮುಂಚೆ ಗೊತ್ತಾಗೋದು ಹೇಗಮ್ಮ?”

ಮೇಜಿನ ಮೇಲೆ ಕೇಕಿಗೆಂದು ಒಡೆದ ಮೊಟ್ಟೆಯ ಬಿಳಿ ಬಟ್ಟಲಲ್ಲಿತ್ತು. ನರ್ಸಮ್ಮ ಅದನ್ನೇ ತೋರಿಸಿದಳು. “ಅದಕ್ಕೆ ಮುಂಚಿನ ದಿನಗಳಲ್ಲಿ ಹೆಂಗಸರಿಗೆ ಹೋಗೋ ಬಿಳಿ ಇದರ ಹಾಗೇ ಆಗುತ್ತೆ. ತಿಳಿಯಾಗಿ ಜಾರುತ್ತೆ, ಎಳೆದರೆ ದಾರ ಬರುತ್ತೆ. ಅವೇ ದಿನಗಳು.”

ಹಿಂದೆ ಸೊಸೆಯ ಕೈಯಿಂದ ಒಂದು ಮೊಟ್ಟೆ ಟಪ್ಪನೆ ಬಿತ್ತು. “ಅದು ಕಾಯಿಲೆ ಅಲ್ವಾ?”

“ವಾಸನೆ, ತುರಿಕೆ ಇದ್ದರೆ ತೋರಿಸಬೇಕು. ಇಲ್ಲದಿದ್ದರೆ ಕಾಯಿಲೆ ಅಲ್ಲ.”

“ಅಯ್ಯೋ, ಆ ದಿನಗಳಲ್ಲೆಲ್ಲ ಇವರಿಗೆ ಗೋಡೆ ಕಡೆ ತಿರುಗಿ ಮಲಗಿ ಅಂತಿದ್ದೆನಲ್ಲ!”

ಒಲೆಯ ಹಿಂದಿನಿಂದ ಮಗ, “ಆ ಗೋಡೆಯ ಬಿರುಕೆಲ್ಲ ನನಗೆ ಬಾಯಿಪಾಠ,” ಎಂದ.

“ವರ್ಷ ತುಂಬಿದರೂ ಆಗದಿದ್ದರೆ ಇಬ್ಬರೂ ಆಸ್ಪತ್ರೆಗೆ ಬನ್ನಿ. ಅವಳೊಬ್ಬಳೇ ಅಲ್ಲ, ನೀನೂ,” ಎಂದು ನರ್ಸಮ್ಮ ಅವನಿಗೇ ಹೇಳಿ ಹೋದಳು.

ಮುಂದಿನ ತಿಂಗಳು ಒಂದು ಬೆಳಿಗ್ಗೆ ಸೊಸೆ ನನ್ನ ಮುಖ ನೋಡದೆ ಹಿಟ್ಟು ಜರಡಿ ಹಿಡಿಯುತ್ತಿದ್ದಳು. “ಅತ್ತೆ, ದೊಡ್ಡಮ್ಮನ ಮನೆಗೆ ಹೋಗಿ ಬಹಳ ದಿನ ಆಯ್ತಲ್ಲ?”

ಹಲಗೆ ತೆಳು ಎಂದು ನನಗೆ ಗೊತ್ತಿಲ್ಲವೇ? ಮೊಳೆಯಿಂದ ಚೀಲ ತೆಗೆದುಕೊಂಡು ಅಕ್ಕನ ಮನೆಗೆ ಹೊರಟೆ. “ಮಗ ಜಗಳ ಆಡಿದನಾ?” ಎಂದು ಕೇಳಿದಳು ಅಕ್ಕ. “ಇಲ್ಲ, ಈಗ ಚೆನ್ನಾಗಿದ್ದಾರೆ,” ಎಂದೆ. ನಾಲ್ಕು ದಿನ ಬಿಟ್ಟು ಬಂದೆ. ಬಿಸಿ ಏರಿದ ಹದಿಮೂರನೇ ದಿನ ಮತ್ತೆ ಗುದ್ದುವ ಸದ್ದು. ನರ್ಸಮ್ಮನನ್ನು ಕೇಳಿದರೆ, ದಿನ ಸರಿಯಿದ್ದರೂ ಪ್ರತಿ ತಿಂಗಳೂ ಬಸಿರು ನಿಲ್ಲುವುದಿಲ್ಲ ಎಂದಳು. ಮರುತಿಂಗಳೂ ಹೋದೆ, ಬಂದೆ, ಅದೇ ಸದ್ದು. ಅಕ್ಕನಿಗೆ ಈಗ ಅನುಮಾನ ಬಲವಾಯಿತು.

ಮೂರನೇ ಸಲ ಹೋಗಿ ಬಂದ ಮೇಲೆ ಹದಿಮೂರು ಕಳೆಯಿತು, ಹದಿನಾರು ಕಳೆಯಿತು. ಕಡ್ಡಿಯ ಅಂಕಿ ಇಳಿಯಲೊಲ್ಲದು. ಸೊಸೆ ಹಿಟ್ಟನ್ನು ಮಲಗಿದ ಕೂಸನ್ನು ಮುಟ್ಟುವ ಹಾಗೆ ನಾದುತ್ತಿದ್ದಳು. ನರ್ಸಮ್ಮ ಪರೀಕ್ಷೆ ಮಾಡಿಸಿ, ಹೌದು ಎಂದಳು.

ಚೀಲ ಆಮೇಲೆ ಮೊಳೆಯಿಂದ ಇಳಿಯಲಿಲ್ಲ. ಆ ಕೊನೆಯ ಸಲ ನಾನು ಮನೆ ಬಿಟ್ಟು ಹೊರಟದ್ದು ಗುರುವಾರ, ಮಗುವಿನ ದಿನ ನಾನು ಎಣಿಸುವುದು ಅಲ್ಲಿಂದಲೇ.